ಮುಂದಿನ ಸೀಟಿನ ಮುಕ್ಕಾಲು ಗಂಟೆ

“ಎಷ್ಟಾಯಿತು?”

ಟಿಕೆಟಿನ ಕಾಗದ ಕೈಗೆ ಬಂದಾಗ ಉಮ್ಮ ಕೇಳಿದ ಮೊದಲ ಪ್ರಶ್ನೆ ಇದು. ತಮ್ಮ ನಕ್ಕು ಸುಮ್ಮನಾದ. ಅವನು ಕ್ವಾಲಾಲಂಪುರದಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ಮನೆಯಲ್ಲಿ ಕೆಲವು ದಿನ ಉಳಿದಿದ್ದ ನಾವಿಬ್ಬರು, ಅಂದರೆ ಎಪ್ಪತ್ತು ದಾಟಿದ ಉಮ್ಮ ಮತ್ತು ನಾನು, ಸಿಂಗಾಪುರದಲ್ಲಿರುವ ತಂಗಿಯ ಬಾಣಂತನಕ್ಕೆ ಹೊರಟಿದ್ದೆವು. ಅವನು ಮಾಡಿಸಿದ್ದು ಬಿಸಿನೆಸ್ ಕ್ಲಾಸ್ ಟಿಕೆಟ್. ದರ ಹಿಂದಿನ ಸೀಟಿನ ಮೂರು ಪಟ್ಟಿಗಿಂತಲೂ ಹೆಚ್ಚು ಎಂಬುದು ನನಗೆ ಗೊತ್ತಿತ್ತು. ಉಮ್ಮನಿಗೆ ಗೊತ್ತಿರಲಿಲ್ಲ.

“ಒಂದು ಗಂಟೆಯ ದಾರಿಗೆ ಇದೆಲ್ಲ ಯಾಕೆ?” ಎಂದು ನಾನು ಅಡುಗೆಕೋಣೆಯಲ್ಲಿ ಮೆಲ್ಲಗೆ ಕೇಳಿದೆ. ಅವನು ಹೇಳಿದ ಕಾರಣವನ್ನು ಆಮೇಲೆ ಹೇಳುತ್ತೇನೆ.

ಕ್ವಾಲಾಲಂಪುರದಿಂದ ಸಿಂಗಾಪುರಕ್ಕೆ ಆಕಾಶಮಾರ್ಗದಲ್ಲಿ ಸುಮಾರು ಮುನ್ನೂರು ಕಿಲೋಮೀಟರ್. ಹೆಚ್ಚು ಕಡಿಮೆ ಮಂಗಳೂರು-ಬೆಂಗಳೂರಿನಷ್ಟೇ ದೂರ. 1965ರವರೆಗೆ ಎರಡೂ ಒಂದೇ ದೇಶದಲ್ಲಿದ್ದವು. ಆ ವರ್ಷ ಆಗಸ್ಟ್ 9ರಂದು ಸಿಂಗಾಪುರ ಬೇರೆಯಾಯಿತು. ಆದರೂ ವಿಮಾನ ಕಂಪೆನಿ ಮಾತ್ರ ಇನ್ನೂ ಕೆಲವು ವರ್ಷ ಒಟ್ಟಿಗೇ ಇತ್ತು. ಅಣ್ಣತಮ್ಮಂದಿರು ಬೇರೆ ಮನೆ ಮಾಡಿದರೂ ಬಾವಿ ಒಂದೇ ಇದ್ದ ಹಾಗೆ. 1972ರಲ್ಲಿ ಅದೂ ಪಾಲಾಗಿ ಮಲೇಷ್ಯಾ ಮತ್ತು ಸಿಂಗಾಪುರದ ಎರಡು ಕಂಪೆನಿಗಳಾದವು. ಕಡಿಮೆ ದರದ ವಿಮಾನಗಳಿಗೆ ಈ ದಾರಿ ತೆರೆದದ್ದು 2008ರಲ್ಲಿ. ಮತ್ತೆ ಜನಸಾಗರ. 2018ರಲ್ಲಿ ಒಂದೇ ವರ್ಷದಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ವಿಮಾನಗಳು ಇಲ್ಲಿ ಓಡಾಡಿ, ಇದು ಜಗತ್ತಿನ ಅತಿ ದಟ್ಟಣೆಯ ಅಂತಾರಾಷ್ಟ್ರೀಯ ಮಾರ್ಗವೆನಿಸಿತು.

ಬಸ್ಸಿನಲ್ಲೂ ಹೋಗಬಹುದು. ಐದಾರು ಗಂಟೆ ಬೇಕು. ಆದರೆ ಗಡಿಯಲ್ಲಿ ಎರಡು ಸಲ ಇಳಿಯಬೇಕು, ಒಮ್ಮೆ ಮಲೇಷ್ಯಾದ ಠಸ್ಸೆಗೆ, ಸೇತುವೆ ದಾಟಿ ಇನ್ನೊಮ್ಮೆ ಸಿಂಗಾಪುರದ ತಪಾಸಣೆಗೆ. ಉಮ್ಮನ ಮೊಣಕಾಲಿಗೆ ಅದು ಆಗದ ಮಾತು.

ಕ್ವಾಲಾಲಂಪುರದ ವಿಮಾನ ನಿಲ್ದಾಣ ಇರುವುದು ಊರಿನೊಳಗಲ್ಲ, ದೂರದ ಸೆಪಾಂಗ್‌ನಲ್ಲಿ. ವೇಗದ ರೈಲಿಗೇ ಅರ್ಧ ಗಂಟೆ ಬೇಕು. ಅಲ್ಲಿ ಕೌಂಟರ್, ಪಾಸ್‌ಪೋರ್ಟ್ ತಪಾಸಣೆ, ಗೇಟಿನ ತನಕ ಮುಗಿಯದ ಮೊಗಸಾಲೆ. ಲೆಕ್ಕ ಹಾಕಿದರೆ ಮನೆ ಬಿಟ್ಟು ತಂಗಿಯ ಮನೆ ಸೇರಲು ನಮಗೆ ಐದು ಗಂಟೆ ಹಿಡಿಯಿತು. ಅದರಲ್ಲಿ ಆಕಾಶದಲ್ಲಿದ್ದದ್ದು ಮುಕ್ಕಾಲು ಗಂಟೆ ಮಾತ್ರ. ಹಾಗಾಗಿ ಇಂಥ ದಾರಿಯಲ್ಲಿ ಬಿಸಿನೆಸ್ ಕ್ಲಾಸಿಗೆ ಕೊಡುವ ಹಣ ಸೀಟಿಗಲ್ಲ, ನೆಲದ ಮೇಲಿನ ಅನುಕೂಲಕ್ಕೆ ಎಂದು ನನಗನ್ನಿಸಿತು. ಪ್ರತ್ಯೇಕ ಕೌಂಟರಿನಲ್ಲಿ ನಮ್ಮ ಮುಂದೆ ಒಬ್ಬರೇ ಇದ್ದರು. ಲಗೇಜಿನ ಮಿತಿ ಹೆಚ್ಚು, ಪೆಟ್ಟಿಗೆಗೆ ಬೇಗ ಇಳಿಸುವ ಚೀಟಿ. ಲೌಂಜಿನಲ್ಲಿ ಮೆತ್ತನೆ ಕುರ್ಚಿ, ಬೇಕಾದಷ್ಟು ತಿಂಡಿ. ಒಳಗೇ ನಮಾಝಿನ ಕೋಣೆಯೂ ಇತ್ತು. ಆದರೆ ಆ ನಿಲ್ದಾಣದಲ್ಲಿ ಹೊರಗಡೆಯೂ ಎಲ್ಲ ಪ್ರಯಾಣಿಕರಿಗೆ, ಮಹಿಳೆಯರಿಗೆ ಬೇರೆಯಾಗಿ, ಅಚ್ಚುಕಟ್ಟಾದ ‘ಸುರಾವ್’ಗಳಿವೆ. ಅದಕ್ಕೆ ಯಾವ ಟಿಕೆಟೂ ಬೇಡ.

ವಿಮಾನಕ್ಕೆ ನಮ್ಮನ್ನೇ ಮೊದಲು ಹತ್ತಿಸಿದರು. ಹಿಂದೆ ಒಂದು ಬದಿಗೆ ಮೂರು ಸೀಟುಗಳಿರುವಲ್ಲಿ ಇಲ್ಲಿ ಎರಡು. ಕೂತೊಡನೆ ಹಣ್ಣಿನ ರಸ ಬಂತು. ಉಮ್ಮ ಲೋಟ ಹಿಡಿದು ಕೂತಿರುವಾಗಲೇ ಉಳಿದವರೆಲ್ಲ ನಮ್ಮ ಪಕ್ಕದಿಂದ ಹಾದು ಹೋಗತೊಡಗಿದರು. ಚೀಲ ಹೊತ್ತ ಕಾರ್ಮಿಕರು, ಮುದುಕರು, ಕಂಕುಳಲ್ಲಿ ಮಗು, ಕೈಯಲ್ಲಿ ಇನ್ನೊಂದು ಮಗು ಹಿಡಿದ ಹೆಂಗಸು. ಉಮ್ಮ ಲೋಟವನ್ನು ಮೆಲ್ಲಗೆ ಶಾಲಿನೊಳಗೆ ಮರೆಮಾಡಿದರು.

“ಆ ಹುಡುಗಿಗೆ ಇಲ್ಲಿ ಜಾಗ ಕೊಡುವ ಹಾಗಿಲ್ಲವಾ?”

“ಇಲ್ಲ ಉಮ್ಮಾ. ಹಾಗೆ ಬದಲಾಯಿಸಲಿಕ್ಕೆ ಬಿಡುವುದಿಲ್ಲ.”

ವಿಮಾನ ಮೇಲೇರಿದ ಮೇಲೆ ಗಗನಸಖಿ ನಮ್ಮ ಹಿಂದೆ ಪರದೆ ಎಳೆದಳು. ಬಿಸಿ ಟವೆಲ್ ಬಂತು. ಬಟ್ಟೆ ಹಾಸಿದ ತಟ್ಟೆಯಲ್ಲಿ ನಾಸಿ ಲೆಮಾಕ್ ಬಂತು. ನಮ್ಮ ಕಡೆಯ ತೆಂಗಿನ ಹಾಲಿನ ಅನ್ನದಂಥದ್ದೇ, ಜೊತೆಗೆ ಖಾರದ ಸಂಬಾಲ್, ನೆಲಗಡಲೆ, ಹುರಿದ ಸಣ್ಣ ಒಣಮೀನು. ಹಲಾಲ್ ಎಂಬುದನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡು ಉಮ್ಮ ಮೆಲ್ಲಗೆ ತಿನ್ನಲು ಶುರುಮಾಡಿದರು. ಅರ್ಧ ಮುಗಿಯುವಷ್ಟರಲ್ಲಿ ಇಳಿಯುವ ಘೋಷಣೆಯಾಯಿತು. ತಟ್ಟೆ ಹೋಯಿತು. “ಊಟ ಬಡಿಸಿ ಎಬ್ಬಿಸಿದರಲ್ಲ!” ಎಂದು ಉಮ್ಮ ನನ್ನನ್ನೇ ಗದರಿದರು. ಸಿಂಗಾಪುರ ಏರ್‌ಲೈನ್ಸ್ 2021ರಲ್ಲಿ ತನ್ನ ಬೋಯಿಂಗ್ 737-8 ವಿಮಾನಗಳಿಗೆ ಪೂರ್ತಿ ಚಾಚಿ ಮಲಗುವ ಹತ್ತು ಸೀಟುಗಳನ್ನು ತಂದಿದೆ. ಐದಾರು ಗಂಟೆಯ ಹಾರಾಟಕ್ಕೆ ಅದು ಒಪ್ಪುವ ಮಾತು. ಇಷ್ಟು ಸಣ್ಣ ದಾರಿಯಲ್ಲಿ ಹಾಸಿಗೆ ಬಿಡಿಸುವುದರೊಳಗೆ ಊರು ಬಂದುಬಿಡುತ್ತದೆ!

ಇನ್ನು ತಮ್ಮ ಹೇಳಿದ ಕಾರಣ.

ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ಬರುವಾಗ ನಾನು ಉಮ್ಮನಿಗೆ ಗಾಲಿಕುರ್ಚಿ ಕೇಳಿದ್ದೆ. “ನಾನೇನು ರೋಗಿಯಾ? ನಾಲ್ಕು ಜನ ನೋಡಿದರೆ ಏನು ಹೇಳಿಯಾರು?” ಎಂದು ಅವರು ಹಟಹಿಡಿದು ನಡೆದರು. ಮೊಣಕಾಲು ಊದಿಕೊಂಡು ಎರಡು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಅದನ್ನು ನೋಡಿದ ತಮ್ಮ ಈ ಉಪಾಯ ಹೂಡಿದ್ದ. “ಉಮ್ಮಾ, ಮುಂದಿನ ಸೀಟಿನವರನ್ನು ಅವರೇ ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗ್ತಾರೆ. ಆ ಟಿಕೆಟಿನ ಮರ್ಯಾದೆ ಅದು” ಎಂದಿದ್ದ. ಉಮ್ಮ ನಂಬಿದರು. ರಾಣಿಯ ಹಾಗೆ ಕೂತು ಬಂದರು.

ಅಸಲು ವಿಷಯವೇನೆಂದರೆ ಗಾಲಿಕುರ್ಚಿಗೂ ಕ್ಲಾಸಿಗೂ ಸಂಬಂಧವೇ ಇಲ್ಲ. ಟಿಕೆಟ್ ಮಾಡುವಾಗ, ತಪ್ಪಿದರೆ ಎರಡು ದಿನ ಮುಂಚೆ ತಿಳಿಸಿದರೆ ಸಾಕು. ಹೆಚ್ಚಿನ ವಿಮಾನ ಕಂಪೆನಿಗಳು ಇದಕ್ಕೆ ಹಣ ಪಡೆಯುವುದಿಲ್ಲ. ಅದರಲ್ಲೂ ಮೂರು ಬಗೆಗಳಿವೆ. ಮೆಟ್ಟಿಲು ಹತ್ತಬಲ್ಲರು, ಆದರೆ ದೂರ ನಡೆಯಲಾರರು ಎಂಬುದು ಒಂದು. ಮೆಟ್ಟಿಲೂ ಆಗದು, ಒಳಗೆ ಸೀಟಿನ ತನಕ ಮಾತ್ರ ನಡೆಯಬಲ್ಲರು ಎಂಬುದು ಎರಡನೆಯದು. ಏನೂ ಆಗದವರನ್ನು ಸೀಟಿನವರೆಗೂ ಒಯ್ಯುವುದು ಮೂರನೆಯದು. ನಮ್ಮ ಹಿರಿಯರಿಗೆ ಯಾವುದು ಬೇಕೆಂದು ಸರಿಯಾಗಿ ಹೇಳಿದರೆ ಅದಕ್ಕೆ ತಕ್ಕ ವ್ಯವಸ್ಥೆಯಾಗುತ್ತದೆ. ಜೊತೆಗಿರುವವರನ್ನೂ ಸಾಮಾನ್ಯವಾಗಿ ಅದೇ ಸಾಲಿನಲ್ಲಿ ಬಿಡುತ್ತಾರೆ.

ಸಿಂಗಾಪುರದ ಚಾಂಗಿಯಲ್ಲಿ ಇಳಿದಾಗ ಬಾಗಿಲ ಬಳಿ ಮೂರು ಕುರ್ಚಿಗಳು ಕಾದಿದ್ದವು. ಉಮ್ಮ ಒಂದರಲ್ಲಿ ಕೂತರು. ನನ್ನ ಕೈಚೀಲ ಮೇಲೆಯೇ ಉಳಿದಿತ್ತು, ಅದನ್ನು ತರುವಷ್ಟರಲ್ಲಿ ಪರದೆಯ ಹಿಂದಿನಿಂದ ಒಬ್ಬ ಚೀನೀ ಅಜ್ಜಿ, ಒಬ್ಬ ಮಲಯ ಮುದುಕರು ಬಂದು ಉಳಿದೆರಡರಲ್ಲಿ ಕೂತರು. ಲಿಫ್ಟಿನಲ್ಲಿ ಮೂವರೂ ಸಾಲಾಗಿ ನಿಂತರು. ಅಜ್ಜಿ ಉಮ್ಮನನ್ನು ನೋಡಿ ತನ್ನ ಮೊಣಕಾಲು ತಟ್ಟಿ ತೋರಿಸಿದಳು. ಉಮ್ಮನೂ ತಮ್ಮದನ್ನು ತಟ್ಟಿ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಇವರೂ ಮುಂದೆ ಕೂತಿದ್ದರಾ? ನಾನು ನೋಡಲಿಲ್ಲ.”

ನಾನು ಏನೂ ಹೇಳಲಿಲ್ಲ. ಉಮ್ಮನ ಮುಖ ಕೆಂಪಾಯಿತು. ತಂಗಿಯ ಮನೆ ತಲುಪುವ ತನಕ ಒಂದು ಮಾತಿಲ್ಲ. ನನಗೋ ಹೆದರಿಕೆ. ತಾಯಿಗೆ ಸುಳ್ಳು ಹೇಳಿ ಸುಖ ಕೊಡಬಹುದೇ ಎಂಬ ಪ್ರಶ್ನೆಗೆ ನನ್ನಲ್ಲಿ ಈಗಲೂ ಉತ್ತರವಿಲ್ಲ. ಆದರೆ ಅಂದು ರಾತ್ರಿ ಅವರ ಕಾಲು ಊದಿರಲಿಲ್ಲ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತಿದ್ದರು.

ಹಿಂದಿರುಗುವ ಟಿಕೆಟ್ ಮಾಡಲು ಒಂದು ವಾರದ ಬಳಿಕ ತಮ್ಮ ಫೋನ್ ಮಾಡಿದ. ಉಮ್ಮ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು.

“ನನಗೆ ಹಿಂದಿನ ಸೀಟೇ ಮಾಡು. ಕುರ್ಚಿಗೆ ಮಾತ್ರ ಮೊದಲೇ ಹೇಳಿಡು, ಮರೆಯಬೇಡ.” ಸ್ವಲ್ಪ ತಡೆದು ಸೇರಿಸಿದರು, “ಕಿಟಕಿಯ ಪಕ್ಕ ಸಿಗುತ್ತದಾ ನೋಡು.”