ಅಲ್ಯೂಮಿನಿಯಮ್ ಲೋಹವೂ ನಮ್ಮ ದೇಹವೂ

ಶಿಕಾರಿಪುರ, ಸೊರಬದ ಸೀಮೆಗಳಲ್ಲಿ ಅಲ್ಯೂಮಿನಿಯಮ್ ಪಾತ್ರೆಯನ್ನು ಅರಿಯದ ಅಡಿಗೆಮನೆ ವಿರಳವೆಂದೇ ಹೇಳಬಹುದು. ಈ ಲೋಹವು ಹೊಟ್ಟೆಗೆ ಸೇರಿದರೆ ಏನು ಕೇಡಾಗುವುದೋ ಎಂಬ ಭಯವು ಕೆಲವರಲ್ಲಿಯೂ, ಏನೂ ಆಗದೆಂಬ ಉದಾಸೀನವು ಮತ್ತೆ ಕೆಲವರಲ್ಲಿಯೂ ಉಂಟು. ದೇಹವು ಇದನ್ನು ಹೇಗೆ ಹೀರಿಕೊಳ್ಳುತ್ತದೆ, ಹೇಗೆ ಹೊರದೂಡುತ್ತದೆ ಎಂಬುದನ್ನು ಅರಿತರೆ, ಯಾರು ಎಚ್ಚರದಿಂದಿರಬೇಕೆಂಬುದು ತಾನಾಗಿಯೇ ತಿಳಿಯುವುದು.

ಪಾತ್ರೆಯು ಈಚಿನದು. ೧೮೯೮ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ನರು ಅಲ್ಯೂಮಿನಿಯಮ್ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದರು. ಇವರೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಲೋಹವಾದರೋ ಅತಿ ಪುರಾತನವಾದುದು. ಭೂಮಿಯ ಹೊರಪದರದ ತೂಕದಲ್ಲಿ ಸೇಕಡಾ ೮ರಷ್ಟು ಇದೇ ಆಗಿದೆ. ನಮ್ಮ ಕೆಮ್ಮಣ್ಣಿನಲ್ಲಿಯೂ, ಗೋಡೆ ಕಟ್ಟುವ ಜಂಬಿಟ್ಟಿಗೆಯಲ್ಲಿಯೂ ಇದು ಹೇರಳವಾಗಿದೆ. ಆದುದರಿಂದ ಕಾಯಿಪಲ್ಯ, ಚಹ, ಧೂಳು, ಪಟಿಕದಿಂದ ತಿಳಿಗೊಳಿಸಿದ ನೀರು ಇವೆಲ್ಲವುಗಳ ಮೂಲಕ ದಿನವೂ ಕೆಲವು ಮಿಲಿಗ್ರಾಮುಗಳು ನಮ್ಮ ಹೊಟ್ಟೆಯನ್ನು ಸೇರುತ್ತವೆ.

ಜಠರದ ಆಮ್ಲದಲ್ಲಿ ಈ ಲೋಹವು ಕರಗುತ್ತದೆ. ಆದರೆ ಸಣ್ಣಕರುಳಿಗೆ ಬಂದೊಡನೆ ಆಮ್ಲವು ಶಮನವಾಗುವುದರಿಂದ ಅದು ಮತ್ತೆ ಕರಗದ ರೂಪವನ್ನು ತಾಳಿ ಮಲದೊಡನೆ ಹೊರಬೀಳುತ್ತದೆ. ಸಾವಿರ ಭಾಗ ಒಳಹೊಕ್ಕರೆ ರಕ್ತವನ್ನು ಸೇರುವುದು ಒಂದರಿಂದ ಮೂರು ಭಾಗ ಮಾತ್ರ. ಕರುಳೇ ನಮ್ಮ ಮೊದಲನೆಯ ಕಾವಲುಗಾರನು. ನಿಂಬೆಯ ಹುಳಿಯು ಈ ಲೋಹವನ್ನು ಕರಗಿದ ಸ್ಥಿತಿಯಲ್ಲಿಯೇ ಉಳಿಸಿ ಹೀರುವಿಕೆಯನ್ನು ಹೆಚ್ಚಿಸುತ್ತದೆಂಬುದನ್ನು ನೆನಪಿನಲ್ಲಿಡಬೇಕು.

ರಕ್ತವನ್ನು ಸೇರಿದ ಅಂಶದ ಬಹುಭಾಗವು, ಕಬ್ಬಿಣವನ್ನು ಹೊರುವ ಟ್ರಾನ್ಸ್‌ಫೆರಿನ್ ಎಂಬ ಸಸಾರಜನಕ ವಸ್ತುವನ್ನೇ ಏರಿ ಸಂಚರಿಸುತ್ತದೆ. ಅಲ್ಲಿಂದ ಅದನ್ನು ಹೊರಹಾಕುವ ಎರಡನೆಯ ಕಾವಲುಗಾರನೆಂದರೆ ಮೂತ್ರಪಿಂಡ. ೧೯೯೫ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಗುರುತಿಸಬಲ್ಲ ಅಲ್ಯೂಮಿನಿಯಮನ್ನು ಅತ್ಯಲ್ಪ ಪ್ರಮಾಣದಲ್ಲಿ ಆರೋಗ್ಯವಂತನೊಬ್ಬನ ರಕ್ತಕ್ಕೆ ಸೇರಿಸಿ ನೋಡಲಾಯಿತು. ಹದಿಮೂರು ದಿನಗಳೊಳಗೆ ಸೇಕಡಾ ೮೦ಕ್ಕೂ ಹೆಚ್ಚು ಭಾಗವು ಮೂತ್ರದಲ್ಲಿ ಹೊರಬಿದ್ದಿತು. ಮೂರು ವರ್ಷಗಳ ಮೇಲೆಯೂ ಸೇಕಡಾ ೪ರಷ್ಟು ದೇಹದಲ್ಲಿಯೇ ಉಳಿದಿತ್ತು. ಹೀಗೆ ಉಳಿಯುವುದರಲ್ಲಿ ಹೆಚ್ಚಿನ ಪಾಲು ಎಲುಬುಗಳಲ್ಲಿ ನೆಲಸುತ್ತದೆ.

ಈ ಎರಡು ಕಾವಲುಗಳೂ ತಪ್ಪಿದರೆ ಏನಾಗುವುದೆಂಬುದನ್ನು ೧೯೭೦ರ ದಶಕವು ಜಗತ್ತಿಗೆ ಕಲಿಸಿತು. ಮೂತ್ರಪಿಂಡ ಕೆಟ್ಟವರಿಗೆ ಯಂತ್ರದ ಮೂಲಕ ರಕ್ತಶುದ್ಧಿ ಮಾಡುವಾಗ, ಬಳಸಿದ ನೀರಿನಲ್ಲಿದ್ದ ಅಲ್ಯೂಮಿನಿಯಮ್ ಕರುಳನ್ನು ಹಾಯದೆ ನೇರವಾಗಿ ರಕ್ತಕ್ಕೆ ಸೇರಿತು. ಹೊರಹಾಕಲು ಮೂತ್ರಪಿಂಡವೂ ಇರಲಿಲ್ಲ. ರೋಗಿಗಳ ಮಾತು ತೊದಲಿತು, ಬುದ್ಧಿ ಮಂಕಾಯಿತು, ಎಲುಬುಗಳು ಮುರಿದವು, ಅನೇಕರು ಮೃತರಾದರು. ೧೯೭೬ರಲ್ಲಿ ಅಮೆರಿಕದ ವೈದ್ಯ ಆಲ್‌ಫ್ರೇ ಮತ್ತು ಅವರ ಸಂಗಡಿಗರು ಮೃತರ ಮೆದುಳಿನಲ್ಲಿ ಈ ಲೋಹವು ಅತಿಯಾಗಿರುವುದನ್ನು ತೋರಿಸಿದರು. ಅನಂತರ ನೀರನ್ನು ಚೆನ್ನಾಗಿ ಶುದ್ಧೀಕರಿಸುವ ಕ್ರಮವು ಬಂದು ಆ ವಿಪತ್ತು ಬಹುಮಟ್ಟಿಗೆ ತಗ್ಗಿತು.

ಆರೋಗ್ಯವಂತರು ಇದನ್ನು ಓದಿ ಬೆದರಬೇಕಾದುದಿಲ್ಲ. ದೇಹದ ತೂಕದ ಒಂದೊಂದು ಕಿಲೋಗ್ರಾಮಿಗೆ ವಾರಕ್ಕೆ ೨ ಮಿಲಿಗ್ರಾಮಿನವರೆಗೆ ಆಹಾರದ ಮೂಲಕ ಸೇರಬಹುದೆಂದು ೨೦೧೧ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿಯು ಮಿತಿಯನ್ನು ವಿಧಿಸಿದೆ. ಮರೆವಿನ ರೋಗಕ್ಕೆ ಅಲ್ಯೂಮಿನಿಯಮ್ ಪಾತ್ರೆಯೇ ಕಾರಣವೆಂಬ ಮಾತು ಸಿದ್ಧವಾಗಿಲ್ಲ.

ಆದರೂ ಗೃಹಿಣಿಯರು ಕೆಲವು ಸಂಗತಿಗಳನ್ನು ಗಮನಿಸುವುದು ಒಳ್ಳೆಯದು. ಈ ಪಾತ್ರೆಯ ಮೇಲೆ ಗಾಳಿಯಿಂದ ತಾನಾಗಿಯೇ ಒಂದು ತೆಳುಪೊರೆ ಬೆಳೆದು ಲೋಹವನ್ನು ಕಾಪಾಡುತ್ತದೆ. ಹುಳಿ ಉಪ್ಪುಗಳು ಆ ಪೊರೆಯನ್ನು ಕೆಡಿಸುತ್ತವೆ. ಆದುದರಿಂದ ಹುಣಿಸೆಯ ಸಾರು, ಮಜ್ಜಿಗೆಹುಳಿ, ಅಪ್ಪೆಹುಳಿಗಳನ್ನು ಇದರಲ್ಲಿ ರಾತ್ರಿಯೆಲ್ಲ ಇಡಲಾಗದು. ಉಪ್ಪಿನಕಾಯಿಗೆ ಜಾಡಿಯೇ ತಕ್ಕುದು. ಪಾತ್ರೆ ಥಳಥಳಿಸಲೆಂದು ಹುಣಿಸೆಹಣ್ಣಿನಿಂದ ದಿನವೂ ತಿಕ್ಕುವುದೂ ಬೇಡ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಎದೆಯುರಿಗೆ ಕೊಡುವ ಕೆಲವು ಔಷಧಗಳಲ್ಲಿ, ಒಂದು ಸಲದ ಪ್ರಮಾಣದಲ್ಲಿಯೇ, ಸುಮಾರು ನೂರು ಮಿಲಿಗ್ರಾಮಿನಷ್ಟು ಅಲ್ಯೂಮಿನಿಯಮ್ ಇರಬಹುದು. ಇದರ ಮುಂದೆ ಪಾತ್ರೆಯಿಂದ ಬರುವುದು ಅಲ್ಪ. ಮನೆಯಲ್ಲಿ ಮೂತ್ರಪಿಂಡದ ರೋಗಿಗಳಿದ್ದರೆ ವೈದ್ಯರನ್ನು ಕೇಳದೆ ಅಂತಹ ಔಷಧವನ್ನು ಕೊಡಕೂಡದು. ಅದರೊಡನೆ ನಿಂಬೆಯ ಪಾನಕವನ್ನಂತೂ ಕೊಡಲೇಕೂಡದು. ಅಂಗಡಿಯಿಂದ ತಂದ ಸೀಸೆಯ ಮೇಲಿನ ಬರಹವನ್ನು ಓದಿ ಅರ್ಥಮಾಡಿಕೊಳ್ಳುವ ಹೆಣ್ಣುಮಗಳೊಬ್ಬಳು ಮನೆಯಲ್ಲಿದ್ದರೆ, ಅವಳೇ ಆ ರೋಗಿಗೆ ಮೂರನೆಯ ಕಾವಲು.