ಇಸವಿಯ ಕೆಳಗಿನ ಚುಕ್ಕಿ

ಕಳೆದ ತಿಂಗಳು ಚಿಕ್ಕಮ್ಮ ತಿರುಪತಿ ಮುಡಿಪಿನ ಹುಂಡಿ ಒಡೆದು, ಚಿಲ್ಲರೆಯನ್ನೆಲ್ಲ ಚಾಪೆಯ ಮೇಲೆ ಹರವಿಕೊಂಡು ಕೂತಿದ್ದರು. ಕೈಯಲ್ಲಿ ಚಿಕ್ಕಪ್ಪನ ಭೂತಗನ್ನಡಿ. 'ಇಲ್ಲಿ ನೋಡೋ, ಇಸವಿ ಕೆಳಗೆ ನಕ್ಷತ್ರ ಇದೆ. ಮೊಬೈಲಲ್ಲಿ ಬಂದಿತ್ತು, ಇಂಥದ್ದಕ್ಕೆ ಲಕ್ಷಗಟ್ಟಲೆ ಕೊಡ್ತಾರಂತೆ' ಎಂದರು. ಐದು ನಿಮಿಷದಲ್ಲಿ ಅದೇ ರಾಶಿಯಿಂದ ನಕ್ಷತ್ರದ ಹನ್ನೊಂದು ನಾಣ್ಯ ಹೆಕ್ಕಿ ಅವರ ಮುಂದಿಟ್ಟೆ. ಮುಖ ಸಪ್ಪಗಾಯಿತು. 'ಹಾಗಾದ್ರೆ ಇದನ್ನ ಯಾರಿಗೆ ಅಂತ ಹಾಕಿದ್ದಾರೆ?'

ನಕ್ಷತ್ರವೆಂದರೆ ಹೈದರಾಬಾದ್ ಟಂಕಸಾಲೆ. ವಜ್ರದಾಕಾರವಿದ್ದರೆ ಮುಂಬೈ, ದುಂಡು ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇಷ್ಟು ಹೇಳುವುದು ಸುಲಭ. ಯಾರಿಗೆ ಅಂತ ಹಾಕಿದರು ಎಂಬುದಕ್ಕೆ ಉತ್ತರ ಹುಡುಕಿದರೆ ಹದಿನೆಂಟನೆಯ ಶತಮಾನದ ಬಂಗಾಳಕ್ಕೆ ಹೋಗಬೇಕಾಗುತ್ತದೆ.

ಆಗ ರೂಪಾಯಿಯ ಮೇಲೆ ಬಾದಶಹನ ಆಳ್ವಿಕೆಯ ಎಷ್ಟನೆಯ ವರ್ಷ ಎಂದು ಅಚ್ಚಾಗುತ್ತಿತ್ತು. ಚಿನಿವಾರನ ಹೊಟ್ಟೆಪಾಡು ಇದ್ದದ್ದೇ ಆ ಅಂಕಿಯಲ್ಲಿ. ಈ ವರ್ಷದ ರೂಪಾಯಿಗೆ ಪೂರ್ತಿ ಬೆಲೆ. ವರ್ಷ ಉರುಳಿದರೆ, ಬೆಳ್ಳಿ ಒಂದು ಗುಂಜಿಯೂ ಸವೆಯದಿದ್ದರೂ, ಅದು ಹಳೆಯ ನಾಣ್ಯ, ಆದ್ದರಿಂದ ವಟ್ಟ ಕಡಿತ. ಕಂದಾಯ ಕಟ್ಟಲು ಬಂದ ರೈತನಿಗೆ ಕೈಯಲ್ಲಿರುವ ಹತ್ತು ರೂಪಾಯಿ ಹತ್ತಾಗಿಯೇ ಎಣಿಕೆಯಾಗುತ್ತದೆಂಬ ಭರವಸೆಯಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿ ಇದಕ್ಕೆ ಕಂಡುಕೊಂಡ ಮದ್ದು ವಿಚಿತ್ರವಾದದ್ದು: ಕಾಲವನ್ನೇ ನಿಲ್ಲಿಸಿಬಿಡುವುದು. ಇಮ್ಮಡಿ ಷಾ ಆಲಂನ 19ನೆಯ ವರ್ಷ ಎಂದೇ ಪ್ರತಿ ರೂಪಾಯಿಯ ಮೇಲೂ ಹೊಡೆಯುವುದು, ಅದು ಎಂದು ತಯಾರಾಗಿದ್ದರೂ ಸರಿ. ಹಳತು ಯಾವುದು ಹೊಸತು ಯಾವುದು ತಿಳಿಯದ ಮೇಲೆ ವಟ್ಟ ಹಿಡಿಯುವುದು ಹೇಗೆ?

1793ರ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಲ್ಕತ್ತ, ಪಾಟ್ನಾ, ಢಾಕಾ, ಮುರ್ಷಿದಾಬಾದ್ ನಾಲ್ಕೂ ಕಡೆ ಒಂದೇ ತೂಕ, ಒಂದೇ ಮುದ್ರೆ. ಎಲ್ಲಿ ಅಚ್ಚಾದರೂ ನಾಣ್ಯದ ಮೇಲಿನ ಊರು ಮುರ್ಷಿದಾಬಾದೇ. ಜನಕ್ಕೆ ಅನುಕೂಲವಾಯಿತು, ಕಂಪನಿಗೆ ತಲೆನೋವು ಶುರುವಾಯಿತು. ಒಂದು ಚೀಲದಲ್ಲಿ ಬೆಳ್ಳಿ ಕಡಿಮೆಯಿರುವ ರೂಪಾಯಿ ಸಿಕ್ಕರೆ ಯಾವ ಊರಿನ ಕಮ್ಮಟದವರ ಕೊರಳಪಟ್ಟಿ ಹಿಡಿಯಬೇಕು? ಹಾಗಾಗಿ ಅಚ್ಚುಗಳಲ್ಲಿ ಒಂದು ಗುಟ್ಟಿನ ಗುರುತು ಸೇರಿತು. ಚಿನಿವಾರನ ಕಣ್ಣಿಗೆ ಬೀಳಬಾರದು, ಲೋಹ ಪರೀಕ್ಷಿಸುವ ಅಧಿಕಾರಿಗೆ ಮಾತ್ರ ತಿಳಿಯಬೇಕು. ಚಿಕ್ಕಮ್ಮನ ನಕ್ಷತ್ರದ ಮುತ್ತಜ್ಜ ಇವನೇ. ಅದು ನಮಗಾಗಿ ಹಾಕಿದ್ದಲ್ಲ. ತಪ್ಪಾದರೆ ಯಾರದೆಂದು ಹಿಡಿಯಲು ಟಂಕಸಾಲೆ ತನಗೆ ತಾನೇ ಹಾಕಿಕೊಂಡ ರುಜು.

ಅದೇ ಕಾಲಕ್ಕೆ ಇತ್ತ ಶ್ರೀರಂಗಪಟ್ಟಣದಲ್ಲಿ ಇಂಥ ಗುಟ್ಟೇನೂ ಇರಲಿಲ್ಲ. ಟಿಪ್ಪು ಸುಲ್ತಾನ ತನ್ನ ಆನೆ ಕಾಸುಗಳ ಮೇಲೆ ಊರಿನ ಹೆಸರನ್ನು ರಾಜಾರೋಷವಾಗಿ ಬರೆಸಿದ: ಪಟ್ಟಣ, ನಗರ, ಚಿತ್ರದುರ್ಗಕ್ಕೆ ತಾನೇ ಇಟ್ಟ ಫರ್ರುಖಿಯಾಬ್ ಹಿಸಾರ್ ಎಂಬ ಹೆಸರು. ಹೊಸಬರು ಇಲ್ಲಿ ಎಡವುವುದು ಬೇರೆ ಕಡೆ. 1787ರ ಸುಮಾರಿಗೆ ಅವನು ಜಾರಿಗೆ ತಂದ ಮೌಲೂದಿ ಶಕೆಯ ಇಸವಿಯನ್ನು ಬಲದಿಂದ ಎಡಕ್ಕೆ ಬರೆಯಲಾಗಿದೆ. 1215 ಎಂಬುದು ನಮ್ಮ ಕಣ್ಣಿಗೆ 5121. ಇದು ಅಚ್ಚಿನ ತಪ್ಪೆಂದು ಹಿಗ್ಗಿದವರನ್ನು ನಾನೇ ಕಂಡಿದ್ದೇನೆ. ತಪ್ಪಲ್ಲ, ಸುಲ್ತಾನನ ಅಪ್ಪಣೆ.

ಇಸವಿ ನಿಲ್ಲಿಸುವ ಚಾಳಿ ಕಂಪನಿ ಹೋದ ಮೇಲೂ ಬಿಡಲಿಲ್ಲ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿ 1874ರವರೆಗೂ 1862 ಎಂದೇ ಅಚ್ಚಾಯಿತು. ಬೊಂಬಾಯಿಯವರು ಮಾತ್ರ ಇಸವಿಯ ಕೆಳಗೆ ಸಣ್ಣ ಚುಕ್ಕಿಗಳನ್ನಿಟ್ಟು ಒಳಲೆಕ್ಕ ಉಳಿಸಿಕೊಂಡರು. ಮೇಲುನೋಟಕ್ಕೆ ಒಂದೇ ನಾಣ್ಯ. ಚುಕ್ಕಿ ಎಣಿಸಿದರೆ ಹತ್ತಾರು ಬಗೆ. ಸಂಗ್ರಾಹಕರು ಇವತ್ತಿಗೂ ಈ ಚುಕ್ಕಿ ಎಣಿಸುತ್ತ ಕಣ್ಣು ಕೆಡಿಸಿಕೊಳ್ಳುತ್ತಾರೆ. ಐದನೆಯ ಜಾರ್ಜ್‌ನ ರೂಪಾಯಿಯಲ್ಲಿ ಚುಕ್ಕಿ ಹಿಂಬದಿಯ ತಳದ ತಾವರೆಯ ಕೆಳಗೆ ಹೋಗಿ ಕೂತಿದೆ. ಇದ್ದರೆ ಬೊಂಬಾಯಿ, ಇಲ್ಲದಿದ್ದರೆ ಕಲ್ಕತ್ತ.

ಅದೇ ಜಾರ್ಜ್‌ನ 1911ರ ರೂಪಾಯಿ ನಮ್ಮ ನಾಣ್ಯಗಳಲ್ಲೇ ಹೆಸರಾಂತ ಎಡವಟ್ಟು. ದೊರೆಯ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆಯಿದೆ. ಸೊಂಡಿಲು ಎಷ್ಟು ಮೊಟಕೆಂದರೆ ಜನಕ್ಕೆ ಅದು ಹಂದಿಯಾಗಿ ಕಂಡಿತು. ಗುಲ್ಲೆದ್ದಿತು, ಮುಸ್ಲಿಮರು ಮುಟ್ಟಲು ಹೇಸಿದರು, ಚಲಾವಣೆ ನಿಂತಿತು. 1912ರಲ್ಲಿ ಸೊಂಡಿಲು ಉದ್ದವಾಗಿ ಆನೆ ಆನೆಯೇ ಆಯಿತು. 'ಹಂದಿ ರೂಪಾಯಿ'ಯನ್ನು ಚುಕ್ಕಿ ನೋಡಿ ಯಾರ ತಲೆಗೂ ಕಟ್ಟುವಂತಿರಲಿಲ್ಲ. ಚಿತ್ರವೇ ಕೆಟ್ಟರೆ ಎಲ್ಲ ಟಂಕಸಾಲೆಗಳಲ್ಲೂ ಕೆಟ್ಟದ್ದೇ ಅಚ್ಚಾಗುತ್ತದೆ.

ಕಮ್ಮಟದ ಯಂತ್ರ ಮಾಡುವ ತಪ್ಪುಗಳ ಜಾತಿ ಬೇರೆ. ಬಿಲ್ಲೆ ಸರಿಯಾಗಿ ಕೂರದೆ ಚಿತ್ರ ಪಕ್ಕಕ್ಕೆ ಜಾರುವುದು ಒಂದು. ಒತ್ತಿದ ನಾಣ್ಯ ಮೇಲಿನ ಅಚ್ಚಿಗೇ ಅಂಟಿಕೊಂಡು, ಮುಂದಿನ ಬಿಲ್ಲೆಯ ಮೇಲೆ ತನ್ನದೇ ಚಿತ್ರವನ್ನು ತಿರುಗುಮುರುಗಾಗಿ ತಗ್ಗಿನಲ್ಲಿ ಮೂಡಿಸುವುದು ಇನ್ನೊಂದು. ಇದಕ್ಕೆ ಬ್ರೊಕೇಜ್ ಎನ್ನುತ್ತಾರೆ. ನಮ್ಮ ನಾಣ್ಯವನ್ನು ಪುಸ್ತಕದ ಹಾಳೆ ಮಗುಚಿದ ಹಾಗೆ ತಿರುಗಿಸಿದರೆ ಹಿಂಬದಿಯೂ ನೆಟ್ಟಗೆ ನಿಂತಿರಬೇಕು. ವಾರೆಯಾಗಿದ್ದರೆ ಅಚ್ಚು ತಿರುಗಿದೆ ಎಂದರ್ಥ. ಈ ಪರೀಕ್ಷೆಗೆ ಭೂತಗನ್ನಡಿಯೂ ಬೇಡ.

ಮೋಸಹೋಗುವುದು ಗುರುತಿನ ವಿಷಯದಲ್ಲೇ ಹೆಚ್ಚು. ಅಚ್ಚಿನಲ್ಲಿ ಚುಕ್ಕಿಯೆಂದರೆ ಒಂದು ಸೂಜಿಮೊನೆಯಷ್ಟು ಕುಳಿ. ಅದರೊಳಗೆ ಎಣ್ಣೆ-ಧೂಳು ಮೆತ್ತಿಕೊಂಡರೆ ನಾಣ್ಯದ ಮೇಲೆ ಚುಕ್ಕಿ ಮೂಡುವುದೇ ಇಲ್ಲ. ಆಗ ನೋಯ್ಡಾದ ಕೂಸು ಕೋಲ್ಕತ್ತದ್ದೆಂದು ಹೇಳಿಕೊಂಡು ಓಡಾಡುತ್ತದೆ. ಅಮೆರಿಕದಲ್ಲಿ 1922ರಲ್ಲಿ ಒಂದು ಸೆಂಟ್ ನಾಣ್ಯವನ್ನು ಒತ್ತಿದ್ದು ಡೆನ್ವರ್ ಒಂದೇ, ಅದರ ಗುರುತು 'ಡಿ' ಅಕ್ಷರ. ಆದರೂ 'ಡಿ' ಇಲ್ಲದ ಆ ವರ್ಷದ ಸೆಂಟ್‌ಗಳಿವೆ, ಅಕ್ಷರ ಅಳಿಸಿಹೋದ ಅಚ್ಚಿನ ಕೃಪೆ. ಅದಕ್ಕಲ್ಲಿ ಒಳ್ಳೆಯ ಬೆಲೆಯಿದೆ. ಬೆಲೆಯಿದೆ ಎಂದಮೇಲೆ, ಒಳ್ಳೆಯ ನಾಣ್ಯದ 'ಡಿ'ಯನ್ನು ಕೆರೆದು ತೆಗೆಯುವವರೂ ಇದ್ದಾರೆ.

ನಮ್ಮಲ್ಲಿ ಗೋಜಲು ಶುರುವಾದದ್ದು 1985ರಲ್ಲಿ. ಚಿಲ್ಲರೆಯ ಬರ ಎಷ್ಟಿತ್ತೆಂದರೆ ಸರ್ಕಾರ ಹೊರದೇಶಗಳಲ್ಲಿ ನಾಣ್ಯ ಒತ್ತಿಸಿತು. ಬರ್ಮಿಂಗ್‌ಹ್ಯಾಮಿನ ಒಂದು ರೂಪಾಯಿಗೆ 'ಎಚ್' ಬಿತ್ತು, ಕೆನಡಾದ ಒಟ್ಟಾವಾದಿಂದ 1988ರ ನಾಲ್ಕಾಣೆ 'ಸಿ' ಹೊತ್ತು ಬಂತು, ಮುಂದೆ ಮಾಸ್ಕೋದ ಐದು ರೂಪಾಯಿ ರಷ್ಯನ್ ಅಕ್ಷರಗಳೊಂದಿಗೆ ಇಳಿಯಿತು. ಇವೆಲ್ಲ ಸಲೀಸು. ವೇಲ್ಸ್‌ನ ಲ್ಯಾಂಟ್ರಿಸೆಂಟ್‌ನಲ್ಲಿರುವ ರಾಯಲ್ ಮಿಂಟ್‌ಗೆ ಸಿಕ್ಕಿದ್ದು ಮಾತ್ರ ವಜ್ರ, ನಮ್ಮ ಮುಂಬೈಯದ್ದೇ ಗುರುತು! ವ್ಯತ್ಯಾಸವಿರುವುದು ಜಾಗದಲ್ಲಿ. ಮುಂಬೈ ವಜ್ರ ಇಸವಿಯ ನಡುವೆ ಕೆಳಗೆ, ವೇಲ್ಸ್‌ನದು ಮೊದಲ ಅಂಕಿಯಾದ 1ರ ಕೆಳಗೆ. ಆಕಾರ ನೋಡಿ ತೀರ್ಪು ಕೊಟ್ಟವರು ಇಲ್ಲಿ ಬೇಸ್ತು ಬೀಳುತ್ತಾರೆ.

ಇದನ್ನೆಲ್ಲ ಚಿಕ್ಕಮ್ಮ ಅರ್ಧ ಕೇಳಿಸಿಕೊಂಡರು. ಹಳೆ ನಾಣ್ಯ ಕೊಳ್ಳುತ್ತೇವೆಂದು ಹೇಳಿ ಮೊದಲು ಕಮಿಷನ್ ಕೀಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು ಎಂದಾಗ ಮೊಬೈಲನ್ನು ಮಗುಚಿಟ್ಟರು. ಆಮೇಲೆ ಚಿಲ್ಲರೆಯನ್ನು ನಾಲ್ಕು ಗುಡ್ಡೆ ಮಾಡತೊಡಗಿದರು: ನಕ್ಷತ್ರ, ವಜ್ರ, ಚುಕ್ಕಿ, ಬೋಳು. ಸ್ವಲ್ಪ ಹೊತ್ತಿಗೆ ಸವೆದ ದಪ್ಪ ರೂಪಾಯಿಯೊಂದನ್ನು ನನ್ನ ಮೂಗಿನ ಹತ್ತಿರ ಹಿಡಿದರು. 1985. ವಜ್ರ 1ರ ಕೆಳಗೆ.

'ಇದು ಫಾರಿನ್ನಿಂದು ಅಲ್ವೇನೋ? ಎಷ್ಟಕ್ಕೆ ಹೋಗತ್ತೆ?'

'ಈ ಸ್ಥಿತೀಲಿ ಒಂದು ರೂಪಾಯಿಗೆ ಹೋಗತ್ತೆ ಚಿಕ್ಕಮ್ಮ.'

ಆದರೂ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಮುಡಿಪಿನ ದುಡ್ಡಲ್ಲವೇ ಎಂದೆ. ಒಳಗಿನಿಂದ ಐದು ರೂಪಾಯಿಯ ಬಿಲ್ಲೆ ತಂದು ಗುಡ್ಡೆಗೆ ಸೇರಿಸುತ್ತ, 'ಅವನು ಬಡ್ಡಿ ಕಾಸಿನ ತಿಮ್ಮಪ್ಪ, ಒಂದಕ್ಕೆ ಒಂದು ಕೊಟ್ರೆ ಬಿಡ್ತಾನಾ?' ಎಂದರು.