ಬಟನ್ ಸವೆಯದ ಟೈರಿಗೂ ವಯಸ್ಸಾಗುತ್ತದೆ

ಕೆಜಿಎಫ್ ಕಡೆಯ ಕೆಎ-08 ನಂಬರಿನ ಸಣ್ಣ ಕಾರುಗಳಲ್ಲಿ ಎಷ್ಟೋ ವಾರವೆಲ್ಲ ನಿಂತಲ್ಲೇ ನಿಂತಿರುತ್ತವೆ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನರ ಅನ್ನದ ದಾರಿ ಬೆಂಗಳೂರಿನತ್ತ ತಿರುಗಿತು. ಆ ದಾರಿ ರೈಲಿನದು. ಬೆಳಗ್ಗೆ ಮಾರಿಕುಪ್ಪಂನಲ್ಲಿ ಹೊರಟ ಗಾಡಿ ಚಾಂಪಿಯನ್, ಊರಿಗಾಂ, ಕೋರಮಂಡಲ, ಬೆಮೆಲ್ ನಗರ ದಾಟಿ ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಸೀಟು ಸಿಗುವುದಿಲ್ಲ. ಮನೆಯ ಆಲ್ಟೊ, ವ್ಯಾಗನ್‌ಆರ್, ಸ್ಯಾಂಟ್ರೊಗಳಿಗೆ ಕೆಲಸ ಬೀಳುವುದು ಭಾನುವಾರ: ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ, ವೆಲ್ಲೂರಿನ ಆಸ್ಪತ್ರೆಗೆ, ಬೆಂಗಳೂರಿನ ಮದುವೆಗೆ. ಉಳಿದ ದಿನ ಅವು ಬಿಸಿಲು ಕಾಯುತ್ತಿರುತ್ತವೆ.

ಇಂಥ ಕಾರಿನ ಟೈರನ್ನು ಯಾವಾಗ ಬದಲಿಸಬೇಕು, ಯಾವುದು ಹಾಕಿಸಬೇಕು ಎಂಬ ಪ್ರಶ್ನೆಗೆ ಬೆಂಗಳೂರಿನ ಟ್ಯಾಕ್ಸಿಯವರ ಉತ್ತರ ಒಗ್ಗುವುದಿಲ್ಲ. ಟ್ಯಾಕ್ಸಿಯ ಟೈರು ಓಡಿ ಓಡಿ ಸವೆಯುತ್ತದೆ. ನಿಂತ ಕಾರಿನ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ.

ರಬ್ಬರು ಹಳತಾಗುವುದು ಹೊರಗಿನಿಂದ ಚಟ್ಟನೆ ಕಾಣುವುದಿಲ್ಲ. ಬಿಸಿಲು, ಗಾಳಿಯ ಆಮ್ಲಜನಕ, ಓಝೋನ್ ಸೇರಿ ಅದನ್ನು ನಿಧಾನವಾಗಿ ಗಡುಸಾಗಿಸುತ್ತವೆ. ಟೈರು ಸುತ್ತುತ್ತಿದ್ದರೆ ಅದರೊಳಗಿನ ರಕ್ಷಕ ಮೇಣ ಮೇಲ್ಮೈಗೆ ಬರುತ್ತಿರುತ್ತದೆ. ನಿಂತರೆ ಅದೂ ಕಡಿಮೆ. ಕೊನೆಗೆ ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಅಷ್ಟರಲ್ಲೂ ನೆಲಕ್ಕೆ ತಾಗುವ ಭಾಗ, ಅಂದರೆ ಬಟನ್, ಹೊಸದರಂತೆ ಇರಬಹುದು. 'ಬಟನ್ ಚೆನ್ನಾಗಿದೆಯಲ್ಲ ಸಾರ್, ಇನ್ನೂ ಎರಡು ವರ್ಷ ಓಡಿಸಬಹುದು' ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಬಟನ್ ನೋಡಿ ಟೈರನ್ನು ಅಳೆಯುವುದು ಅರ್ಧ ಲೆಕ್ಕ. ಗಣಿಯಲ್ಲಿ ಕೇಜು ಇಳಿಸುವ ಉಕ್ಕಿನ ಹಗ್ಗವನ್ನು ಕಣ್ಣಿಗೆ ಗಟ್ಟಿಯಾಗಿ ಕಂಡಿತೆಂದು ಬಿಡುತ್ತಿರಲಿಲ್ಲ, ಪರೀಕ್ಷಿಸಿಯೇ ಬಳಸುತ್ತಿದ್ದರು. ಈ ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ವಯಸ್ಸು ತಿಳಿಯುವುದು ಹೇಗೆ? ಟೈರಿನ ಪಕ್ಕೆಯಲ್ಲಿ 'ಡಾಟ್' ಎಂಬ ಅಕ್ಷರಗಳಿಂದ ಶುರುವಾಗುವ ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ಹುಟ್ಟಿದ ದಿನದ ಲೆಕ್ಕ. 3224 ಎಂದಿದ್ದರೆ 2024ರ 32ನೇ ವಾರ, ಅಂದರೆ ಆಗಸ್ಟ್ ತಿಂಗಳು. ಈ ಅಂಕಿ ಕೆಲವು ಸಲ ಒಳಮಗ್ಗುಲಲ್ಲಿ ಅಡಗಿರುತ್ತದೆ, ಬಗ್ಗಿ ನೋಡಬೇಕು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು, ಹತ್ತು ವರ್ಷವಾದರೆ ಹೇಗೇ ಇರಲಿ ತೆಗೆದುಬಿಡಬೇಕು ಎಂದು ದೊಡ್ಡ ತಯಾರಕರೇ ಹೇಳುತ್ತಾರೆ. ನಮ್ಮ ಬಿಸಿಲಿಗೆ ಹತ್ತರವರೆಗೆ ಕಾಯುವುದು ಧಾರಾಳದ ಮಾತು. ಏಳಕ್ಕೇ ಮುಗಿಸುವುದು ಜಾಣತನ.

ಎಲ್ಲರೂ ಮರೆಯುವುದು ಸ್ಟೆಪ್ನಿಯನ್ನು. ಹತ್ತು ವರ್ಷದ ಕಾರಿನ ಡಿಕ್ಕಿಯಲ್ಲಿ ಒಮ್ಮೆಯೂ ನೆಲ ಕಾಣದ ಐದನೇ ಟೈರು ಮಿರಮಿರ ಮಿಂಚುತ್ತಿರುತ್ತದೆ. ಎರಡು ಹೊಸದು ಕೊಂಡು, 'ಸ್ಟೆಪ್ನಿ ಹೊಸದೇ ಇದೆಯಲ್ಲ' ಎಂದು ಅದನ್ನೂ ಚಕ್ರಕ್ಕೆ ಏರಿಸುವವರಿದ್ದಾರೆ. ಅದರ ವಯಸ್ಸೂ ಹತ್ತೇ.

ಇಷ್ಟು ದಿನ ಇದೆಲ್ಲ ಹೇಗೋ ನಡೆದುಹೋಗುತ್ತಿತ್ತು. ಬಂಗಾರಪೇಟೆಯಿಂದ ಕೋಲಾರಕ್ಕೋ ಬೂದಿಕೋಟೆಗೋ ಹಂಪು, ಗುಂಡಿ ತಪ್ಪಿಸಿಕೊಂಡು ಹೋಗುವ ಕಾರಿಗೆ ವೇಗ ಸಿಗುವುದೇ ಕಡಿಮೆ. ಆದರೆ 2024ರ ಡಿಸೆಂಬರ್‌ನಲ್ಲಿ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ, ಹೊಸಕೋಟೆಯಿಂದ ಮಾಲೂರು ಮಾರ್ಗವಾಗಿ ಬೇತಮಂಗಲದ ಕಡೆಗಿನ ಸುಮಾರು 71 ಕಿಲೋಮೀಟರ್, ಸಂಚಾರಕ್ಕೆ ತೆರೆದುಕೊಂಡಿತು. ದೇಶದ ಎಕ್ಸ್‌ಪ್ರೆಸ್‌ವೇಗಳಲ್ಲಿ ಕಾರಿಗೆ ಕೇಂದ್ರ ಸರಕಾರ 2018ರಲ್ಲಿ ಗೊತ್ತುಪಡಿಸಿದ ಗರಿಷ್ಠ ಮಿತಿ ಗಂಟೆಗೆ 120 ಕಿಲೋಮೀಟರ್. ವಾರವಿಡೀ ನಿಂತು, ಗಾಳಿ ಇಳಿದ ಹಳೆಯ ಟೈರು ಐದು ಜನರನ್ನು ಹೊತ್ತು ಏಪ್ರಿಲ್ ಮಧ್ಯಾಹ್ನ ಈ ರಸ್ತೆಗೆ ಇಳಿದರೆ ನಿಜವಾದ ಪರೀಕ್ಷೆ.

ಟೈರು ಸಿಡಿಯುವುದು ಬಹುಮಟ್ಟಿಗೆ ಗಾಳಿ ಹೆಚ್ಚಾಗಿ ಅಲ್ಲ, ಕಡಿಮೆಯಾಗಿ. ಗಾಳಿ ಇಳಿದಾಗ ಪಕ್ಕೆ ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುತ್ತದೆ. ವ್ಯಾಗನ್‌ಆರ್‌ನಂಥ ಕಾರಿನ ಚಕ್ರ ನೂರರ ವೇಗದಲ್ಲಿ ನಿಮಿಷಕ್ಕೆ ಒಂಬೈನೂರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅಷ್ಟು ಸಲ ಬಾಗಿದ ರಬ್ಬರು ಒಳಗೊಳಗೇ ಕಾಯುತ್ತದೆ, ಪದರಗಳ ಹಿಡಿತ ಬಿಡುತ್ತದೆ. ಬೇಸಿಗೆಯಲ್ಲಿ ಎರಡು ಪಾಯಿಂಟ್ ಕಡಿಮೆ ಗಾಳಿ ಹಾಕಿಸಿ ಎಂಬ ಬಂಕ್ ಬಳಿಯ ಉಪದೇಶ ಹೀಗಾಗಿ ತಲೆಕೆಳಗು. ಚಾಲಕನ ಬಾಗಿಲ ಚೌಕಟ್ಟಿನಲ್ಲೋ ಕೈಪಿಡಿಯಲ್ಲೋ ಬರೆದಿರುವ ಒತ್ತಡವನ್ನು ಬೆಳಗ್ಗೆ ಟೈರು ತಣ್ಣಗಿರುವಾಗ ನೋಡಿ ಹಾಕಿಸಬೇಕು. ಜನ, ಸಾಮಾನು ತುಂಬಿದಾಗ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನು. ಓಡಿ ಬಿಸಿಯಾದ ಮೇಲೆ ನಾಲ್ಕು ಪಾಯಿಂಟ್ ಏರಿದ್ದು ಕಂಡರೆ ಅದು ಲೆಕ್ಕದೊಳಗಿನದೇ, ಗಾಳಿ ಬಿಡಬಾರದು. ನೈಟ್ರೋಜನ್‌ಗೆ ದುಡ್ಡು ಕೊಡುವ ಮುನ್ನ ಒಂದು ಸಂಗತಿ ನೆನಪಿರಲಿ: ಪುಕ್ಕಟೆ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ.

ಇನ್ನು ಅಳತೆ. ಹಳೆಯ ಆಲ್ಟೊ 800ಕ್ಕೆ 145/80 ಆರ್12. ವ್ಯಾಗನ್‌ಆರ್‌ನ ಕೆಳಗಿನ ಮಾದರಿಗೆ 155/80 ಆರ್13, ಮೇಲಿನವಕ್ಕೆ 165/70 ಆರ್14. ಮೊದಲ ಅಂಕಿ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ ಆ ಅಗಲದ ಶೇಕಡಾ ಎಷ್ಟೆಂಬುದು. ಆರ್ ಎಂದರೆ ರೇಡಿಯಲ್, ಕೊನೆಯದು ರಿಮ್ಮಿನ ಇಂಚು. ಇದರ ಪಕ್ಕದಲ್ಲಿ 79ಟಿ ಎಂಬಂಥ ಗುರುತಿರುತ್ತದೆ. 79 ಎಂದರೆ ಒಂದು ಟೈರು 437 ಕಿಲೋ ಹೊರಬಲ್ಲದು, ಟಿ ಎಂದರೆ 190 ಕಿಲೋಮೀಟರ್ ವೇಗದ ತಾಳಿಕೆ. ಕಂಪನಿ ಕೊಟ್ಟದ್ದಕ್ಕಿಂತ ಈ ಎರಡರಲ್ಲಿ ಯಾವುದೂ ಕಡಿಮೆಯಾಗಬಾರದು. ಐಎಸ್‌ಐ ಗುರುತಂತೂ ಇರಲೇಬೇಕು, ದೇಶದಲ್ಲಿ ಮಾರುವ ಕಾರಿನ ಟೈರಿಗೆ ಅದು ಕಡ್ಡಾಯ.

ಅಂಗಡಿಗೆ ಹೋದ ಹುಡುಗರಿಗೆ ಅಗಲ ಟೈರು, ದೊಡ್ಡ ಅಲಾಯ್ ಕಂಡರೆ ಆಸೆ. ಲೆಕ್ಕ ಹಾಕಿ ನೋಡಿ. 155/80 ಆರ್13 ಟೈರಿನ ಪೂರ್ತಿ ವ್ಯಾಸ ಸುಮಾರು 578 ಮಿಲಿಮೀಟರ್, ಅದರಲ್ಲಿ ರಿಮ್ಮಿಗೂ ನೆಲಕ್ಕೂ ನಡುವಿನ ರಬ್ಬರು 124 ಮಿಲಿಮೀಟರ್. ವ್ಯಾಸ ಬದಲಾಗದಂತೆ 15 ಇಂಚಿನ ರಿಮ್ ಕೂರಿಸಿದರೆ ಆ ರಬ್ಬರು ಸುಮಾರು 99ಕ್ಕೆ ಇಳಿಯುತ್ತದೆ. ರಾಬರ್ಟ್‌ಸನ್‌ಪೇಟೆಯ ಒಂದು ಗುಂಡಿಗೆ ಬಿದ್ದರೆ ಸಾಕು, ಪಕ್ಕೆಯಲ್ಲಿ ಕೋಳಿಮೊಟ್ಟೆ ಗಾತ್ರದ ಉಬ್ಬು. ಉಬ್ಬಿದ ಟೈರಿಗೆ ರಿಪೇರಿ ಇಲ್ಲ. ಅಗಲ ಹೆಚ್ಚಿದರೆ ಸ್ಟಿಯರಿಂಗ್ ಭಾರ, ಪೆಟ್ರೋಲೂ ಹೆಚ್ಚು. ನಮ್ಮ ಕಡೆಯ ರಸ್ತೆಗೆ ಸಣ್ಣ ಕಾರಿನ ದಪ್ಪ ಪಕ್ಕೆಯೇ ಸರಿ, ಅಂದ ಆಮೇಲೆ.

ಕಂಪನಿಯ ಹೆಸರಿನ ಚರ್ಚೆಗೆ ಜನ ಅರ್ಧ ದಿನ ಕೊಡುತ್ತಾರೆ. ಎಂಆರ್‌ಎಫ್, ಅಪೊಲೊ, ಸಿಯೆಟ್, ಬ್ರಿಡ್ಜ್‌ಸ್ಟೋನ್, ಗುಡ್‌ಇಯರ್, ಮೈಸೂರಿನ ವಿಕ್ರಾಂತ್ ಟೈರ್ಸನ್ನು 1997ರಲ್ಲಿ ಕೊಂಡ ಜೆಕೆ, ಎಲ್ಲರೂ ಈ ಅಳತೆಯ ಟೈರು ಮಾಡುತ್ತಾರೆ. ಕಂಪನಿಗಿಂತ ಮುಖ್ಯ ಮಾದರಿ. ಒದ್ದೆ ರಸ್ತೆಯ ಹಿಡಿತ, ಇಂಧನ ಉಳಿತಾಯ, ದೀರ್ಘ ಬಾಳಿಕೆ, ಈ ಮೂರನ್ನೂ ಒಟ್ಟಿಗೆ ಪೂರ್ತಿ ಕೊಡುವ ರಬ್ಬರು ಅಗ್ಗದ ಟೈರಿನಲ್ಲಿ ಸಿಗದು. ಲಕ್ಷ ಕಿಲೋಮೀಟರ್ ಬಾಳುತ್ತದೆಂಬ ಜಾಹೀರಾತಿನ ಟೈರು ಏರ್‌ಪೋರ್ಟ್ ಟ್ಯಾಕ್ಸಿಗೆ ಹೇಳಿ ಮಾಡಿಸಿದ್ದು. ವರ್ಷಕ್ಕೆ ಐದು ಸಾವಿರ ಓಡುವ ಮನೆಯ ಕಾರಿಗೆ ಲಕ್ಷ ತುಂಬಲು ಇಪ್ಪತ್ತು ವರ್ಷ ಬೇಕು! ಅಷ್ಟು ಕಾಲ ರಬ್ಬರೇ ಉಳಿಯುವುದಿಲ್ಲ. ಟ್ಯಾಕ್ಸಿಯವರು ಬಾಳಿಕೆಗೆ ಕೊಡುವ ದುಡ್ಡನ್ನು ಒದ್ದೆ ರಸ್ತೆಯ ಹಿಡಿತಕ್ಕೆ ಕೊಡುವುದು ಮೇಲು.

ಎರಡೇ ಟೈರಿಗೆ ದುಡ್ಡಿದ್ದರೆ? ಇಂಜಿನ್ನಿನ ಎಳೆತ ಮುಂದಿನ ಚಕ್ರಗಳಿಗೆ, ಬೇಗ ಸವೆಯುವುದೂ ಅವೇ. ಆದ್ದರಿಂದ ಹೊಸದು ಮುಂದಕ್ಕೆ ಎಂಬುದು ಎಲ್ಲರ ನಂಬಿಕೆ. ತಯಾರಕರ ಸಲಹೆ ಇದಕ್ಕೆ ವಿರುದ್ಧ: ಹೊಸ ಜೋಡಿ ಹಿಂದಕ್ಕೆ. ನೀರು ನಿಂತ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೇರ ಹೋಗುತ್ತದೆ, ಕಾಲು ತೆಗೆದು ವೇಗ ಇಳಿಸಿದರೆ ಹಿಡಿತ ಮರಳಬಹುದು. ಹಿಂದಿನದು ಜಾರಿದರೆ ಕಾರೇ ಗಿರಕಿ ಹೊಡೆಯುತ್ತದೆ. ಕೋಲಾರ ಸೀಮೆಗೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ಕೆಲಸ ಮುಗಿದಿರಲಿ. ಬಟನ್‌ಗಳ ನಡುವಿನ ಕಾಲುವೆಯಲ್ಲಿ 1.6 ಮಿಲಿಮೀಟರ್ ಎತ್ತರದ ಚಿಕ್ಕ ದಿಣ್ಣೆಗಳಿರುತ್ತವೆ. ಸವೆತ ಆ ಮಟ್ಟಕ್ಕೆ ಬಂದರೆ ಟೈರಿನ ಕತೆ ಮುಗಿಯಿತು.

ಬೆಲೆಯ ವಿಷಯದಲ್ಲಿ ಒಂದು ಸಮಾಧಾನ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ತೆರಿಗೆಗೆ ಮುನ್ನ 3,000 ರೂಪಾಯಿ ಇದ್ದ ಟೈರಿಗೆ ಮೊದಲು 840 ರೂಪಾಯಿ ಸೇರುತ್ತಿತ್ತು, ಈಗ 540. ನಾಲ್ಕಕ್ಕೆ 1,200 ಉಳಿಯಿತು. ಅಲೈನ್‌ಮೆಂಟು, ಬ್ಯಾಲೆನ್ಸಿಂಗು, ಹೊಸ ವಾಲ್ವು, ಈ ಮೂರನ್ನು ಬೇಡವೆನ್ನದೆ ಮಾಡಿಸಲು ಆ ದುಡ್ಡು ನೆರವಾಗುತ್ತದೆ. ಕೆಲಸ ಮುಗಿಯುವವರೆಗೆ ಬಂಗಾರಪೇಟೆಯ ಬಿಳಿ ನೀರಿನ ಪಾನಿಪುರಿ ತಿಂದು ಬರಬಹುದು.

ಆದರೆ ಹೊಸ ಟೈರು ರಿಮ್ಮಿಗೆ ಏರುವಾಗ ಅಲ್ಲೇ ಇರಿ. ನಾಲ್ಕರ ತಾರೀಖನ್ನೂ ನೀವೇ ಓದಿ. ವರ್ಷಕ್ಕಿಂತ ಹಳೆಯದಿದ್ದರೆ 'ಬೇರೆ ಕೊಡಿ ಅಣ್ಣಾ' ಎಂದು ಕೇಳಲು ಸಂಕೋಚ ಬೇಡ. ಬಿಲ್ಲಿನಲ್ಲಿ ಪ್ರತಿ ಟೈರಿನ ಸೀರಿಯಲ್ ನಂಬರು ಬರೆಸಿಕೊಳ್ಳಿ, ನಾಳೆ ತಯಾರಿಕೆಯ ದೋಷ ಕಂಡು ವಾರಂಟಿ ಕೇಳಲು ಹೋದರೆ ಮೊದಲು ಕೇಳುವುದು ಅದನ್ನೇ.